ಅಪ್ಪ ಹಾಕಿದ ಕಾಫಿ ಲೆಕ್ಕ

ಬಿ.ಕಾಂ. ಮುಗಿಸಿ ಎಂಟು ತಿಂಗಳು ಮನೆಯಲ್ಲೇ ಕೂತಿದ್ದೆ. ಕೊನೆಗೆ ಮೈಸೂರಿನ ಪೇಟೆ ನಡುವೆ ಇರುವ ಪುಟ್ಟ ಕೆಫೆಯೊಂದರಲ್ಲಿ ಕೆಲಸ ಸಿಕ್ಕಿತು. ಊರಿನಲ್ಲಿ ‘ಕಂಪನಿ ಕೆಲಸ’ ಎಂದಷ್ಟೇ ಹೇಳಿದ್ದೆ. ಕಾರಣವಿತ್ತು. ಕಾಮಗೆರೆಯಲ್ಲಿ ನಮ್ಮಪ್ಪನದೂ ಟೀ ಅಂಗಡಿಯೇ. ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆ. ಅಮಾವಾಸ್ಯೆ ಬಂತೆಂದರೆ ಕೂರಲು ಪುರುಸೊತ್ತಿರದು. ಅಲ್ಲಿ ಲೋಟ ತೊಳೆಯುತ್ತಲೇ ಬೆಳೆದ ಮಗ, ಡಿಗ್ರಿ ಓದಿಯೂ ಕಾಫಿ ಕಾಸುತ್ತಿದ್ದಾನೆ ಎಂದರೆ ಅವರಿಗೆ ಹೇಗಾದೀತು?

ಕಾಫಿ ನನಗೆ ಗೊತ್ತು ಎಂಬ ಜಂಬ ಮೊದಲ ದಿನವೇ ಇಳಿಯಿತು. ಎಸ್ಪ್ರೆಸೊಗೆ 18 ಗ್ರಾಂ ಪುಡಿ ತೂಗಿ, ಒತ್ತಿ, ಯಂತ್ರಕ್ಕೆ ಸಿಕ್ಕಿಸಬೇಕು. ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯ್ದು, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಮಳೆ ಹಿಡಿದ ದಿನವಂತೂ ಬೆಳಿಗ್ಗೆ ಸರಿಯಿದ್ದ ಹದ ಮಧ್ಯಾಹ್ನಕ್ಕೆ ಇರುವುದಿಲ್ಲ, ಗ್ರೈಂಡರ್ ಮತ್ತೆ ಹೊಂದಿಸಬೇಕು. ಒಂದು ವಾರ ನಾನು ಮಾಡಿದ್ದೆಲ್ಲ ಸಿಂಕಿಗೇ ಹೋಯಿತು. ಹಾಲನ್ನು ಅಪ್ಪನ ಹಾಗೆ ಉಕ್ಕಿಸುವಂತಿಲ್ಲ. 60–65 ಡಿಗ್ರಿಗೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ಸೊಗದೆ ಬೇರಿನ ಶರಬತ್ತಿಗೆ ಐಸ್ ಹಾಕಿ, ಮೇಲೆ ಒಂದು ಶಾಟ್ ಸುರಿದು ಕೊಡುತ್ತೇವೆ. ಕೇಳಲು ವಿಚಿತ್ರ, ಕುಡಿದವರು ಮಾತ್ರ ಮತ್ತೆ ಬರುತ್ತಾರೆ.

ಒಂದು ದಿನ ಹೊಸ ಚೀಲ ಬಿಚ್ಚುವಾಗ ಚೀಟಿ ನೋಡಿದೆ: ‘ಬಿಳಿಗಿರಿರಂಗನ ಬೆಟ್ಟ, ಅರೇಬಿಕಾ’. ನಮ್ಮೂರಿಂದ ಪಡುವಣಕ್ಕೆ ನೋಡಿದರೆ ಕಾಣುವ ಅದೇ ಬೆಟ್ಟಸಾಲು! ಅಲ್ಲಿ ಅತ್ತಿಖಾನೆಯಂಥ ಹಳೆಯ ಎಸ್ಟೇಟುಗಳಿವೆ. ಪೋಡುಗಳಲ್ಲಿ ಸೋಲಿಗರು ಮರದ ನೆರಳಲ್ಲಿ ಕಾಫಿ, ಮೆಣಸು ಬೆಳೆಯುತ್ತಾರೆ. ಯಳಂದೂರಿನ ಮೇಲೆ ಎಷ್ಟು ಸಲ ತೇರಿಗೆ ಹೋಗಿದ್ದೆನೋ, ಕಾಫಿ ಗಿಡ ಕಣ್ಣಿಗೇ ಬಿದ್ದಿರಲಿಲ್ಲ.

ಆಮೇಲೊಂದು ದಿನ ಅಪ್ಪ ಆಸ್ಪತ್ರೆಗೆಂದು ಮೈಸೂರಿಗೆ ಬಂದವರು ಫೋನ್ ಮಾಡಿದರು. ‘ನಿನ್ ಕಂಪ್ನಿ ಎಲ್ಲೈತೆ ಮೊಗ?’ ಇನ್ನು ಮುಚ್ಚಿಡಲು ಆಗಲಿಲ್ಲ.

ಬಂದರು. ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತು ನನ್ನ ಏಪ್ರನ್ ನೋಡಿದರು, ಆಮೇಲೆ ಗೋಡೆಯ ಮೇಲಿನ ದರಪಟ್ಟಿ ನೋಡಿದರು. ಕ್ಯಾಪುಚಿನೊ 180 ರೂಪಾಯಿ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

‘ಒಂದ್ ಲೋಟಕ್ಕೆ ಎಷ್ಟ್ ಪುಡಿ?’

‘18 ಗ್ರಾಂ ಅಪ್ಪ.’

‘ಅಂದ್ರೆ ಕೇಜಿಗೆ ಐವತ್ತೈದು ಲೋಟ.’ ಹಾಲು, ಬಾಡಿಗೆ, ಕರೆಂಟು, ನನ್ನ ಸಂಬಳ ಎಲ್ಲವನ್ನೂ ಬೆರಳಲ್ಲೇ ಎಣಿಸಿದರು. ಬಿ.ಕಾಂ. ಆದವನು ಬಾಯಿ ಬಿಡಲಿಲ್ಲ. ಬೆಟ್ಟದ ಚೀಟಿ ತೋರಿಸಿದೆ. ಓದಿ, ಕಪ್ ಕೆಳಗಿಟ್ಟರು. ‘ಇದ್ರಲ್ಲಿ ಹಣ್ ಕುಯ್ದೋರ್ಗೆ ಎಷ್ಟ್ ಹೋಯ್ತದೆ?’

ನನಗೆ ಗೊತ್ತಿರಲಿಲ್ಲ. ಮಾಲೀಕರನ್ನು ಕೇಳಿದೆ. ಹುರಿದು ಕೊಡುವವರಿಗೆ ಎಷ್ಟು ಕೊಡುತ್ತೇವೆಂಬ ಬಿಲ್ ತೋರಿಸಿದರು; ಅದರಾಚೆಗಿನದು ಅವರಿಗೂ ತಿಳಿಯದು.

ಈಗ ಆ ಲೆಕ್ಕದ ಬೆನ್ನು ಹತ್ತಿದ್ದೇನೆ. ಕಾಫಿ ಮಂಡಳಿಯವರು ಬೆಂಗಳೂರಿನಲ್ಲಿ ಹುರಿಯುವುದು, ಕಾಸುವುದನ್ನು ಕಲಿಸುವ ‘ಕಾಪಿ ಶಾಸ್ತ್ರ’ ಎಂಬ ಕಿರು ತರಬೇತಿ ನಡೆಸುತ್ತಾರೆ. ಅದಕ್ಕೆಂದು ದುಡ್ಡು ಕೂಡಿಡುತ್ತಿದ್ದೇನೆ. ಕೆಲಸ ಹುಡುಕುತ್ತಿರುವ ಗೆಳೆಯರೂ ವಿಚಾರಿಸಿ ನೋಡಿ. ನವೆಂಬರ್ ಕಳೆದರೆ ಬೆಟ್ಟದಲ್ಲಿ ಕೊಯ್ಲು. ಅಂಗಡಿಗೆ ಒಂದು ದಿನ ಬೀಗ ಹಾಕಿ ತಾವೂ ಬರುವುದಾಗಿ ಅಪ್ಪ ಹೇಳಿದ್ದಾರೆ.

ಅಂದು ಅವರು ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಪೂರ್ತಿ ಕುಡಿದರು. ಊರಲ್ಲಿ ಕೇಳಿದವರಿಗೆ ಮಾತ್ರ ಈಗಲೂ ‘ಕಂಪ್ನಿ ಕೆಲ್ಸ’ ಅನ್ನುತ್ತಾರಂತೆ.