ಸಬ್‌ವೂಫರ್ ಪೆಟ್ಟಿಗೆ ಕಟ್ಟುವ ಮುನ್ನ: ಹಣ ಹಲಗೆಗೆ ಹೋಗಲಿ, ಯಂತ್ರಕ್ಕಲ್ಲ

ಮಾಗಡಿ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹತ್ತು ಇಂಚಿನ ಸಬ್‌ವೂಫರ್ ಸ್ಪೀಕರನ್ನು ರಟ್ಟಿನ ಡಬ್ಬಿಯ ಸಮೇತ ತೊಡೆಯ ಮೇಲಿಟ್ಟುಕೊಂಡು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಹೊರಟ ಯುವಕನಿಗೆ ಮನೆ ಸೇರಿದೊಡನೆ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಯಾವುದರೊಳಗೆ ಕೂರಿಸುವುದು? ಸ್ಪೀಕರ್ ಅಂಗಡಿಯಲ್ಲಿ ದೊರೆಯುತ್ತದೆ, ಆಂಪ್ಲಿಫೈಯರ್ ದೊರೆಯುತ್ತದೆ. ಆದರೆ ಅದಕ್ಕೆ ಒಪ್ಪುವ ಪೆಟ್ಟಿಗೆಯನ್ನು ಬಹುತೇಕ ಮಂದಿ ತಾವೇ ಕಟ್ಟಿಕೊಳ್ಳಬೇಕು, ಇಲ್ಲವೇ ಊರಿನ ಬಡಗಿಯಿಂದ ಕಟ್ಟಿಸಿಕೊಳ್ಳಬೇಕು. ದುಬಾರಿ ಸ್ಪೀಕರ್ ಕೊಂಡವರೂ ಎಡವುವುದು ಇಲ್ಲಿಯೇ.

ಈ ವರದಿಗಾರನ ಮೊದಲ ಪೆಟ್ಟಿಗೆಯ ಕಥೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಹಳೆಯ ಕಪಾಟಿನ ಪಾರ್ಟಿಕಲ್ ಬೋರ್ಡನ್ನೇ ಕತ್ತರಿಸಿ, ಮೊಳೆ ಹೊಡೆದು ಕಟ್ಟಿದ ಆ ಪೆಟ್ಟಿಗೆ ಮೂರನೆಯ ದಿನಕ್ಕೇ ಜೇನುಗೂಡಿನಂತೆ ಗುಂಯ್‌ಗುಡತೊಡಗಿತು. ತಿರುಪುಗಳು ಹಿಡಿತ ತಪ್ಪಿ ಪುಡಿಯೊಂದಿಗೆ ಹೊರಬಂದವು. ಸ್ಪೀಕರಿನಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಹಲಗೆಯ ಆಯ್ಕೆಯಲ್ಲಿ.

ಪೆಟ್ಟಿಗೆ ಏತಕ್ಕೆ?

ಸ್ಪೀಕರಿನ ಶಂಕು ಮುಂದಕ್ಕೆ ಚಲಿಸಿದಾಗ ಮುಂಬದಿಯ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ಸಡಿಲಗೊಳ್ಳುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಇವೆರಡೂ ಅಂಚಿನ ಸುತ್ತ ಕೂಡಿಕೊಂಡು ಪರಸ್ಪರ ಅಳಿಸಿಹೋಗುತ್ತವೆ. ಸೆಕೆಂಡಿಗೆ 40 ಬಾರಿ ಕಂಪಿಸುವ ಮಂದ್ರ ನಾದದ ತರಂಗದ ಉದ್ದ ಸುಮಾರು 8.6 ಮೀಟರ್. ಅಷ್ಟು ದೀರ್ಘವಾದ ಅಲೆಗೆ ಹತ್ತು ಇಂಚಿನ ಸ್ಪೀಕರನ್ನು ಬಳಸಿ ಹಿಂದಕ್ಕೆ ಹೋಗುವುದು ಕಷ್ಟವೇ ಅಲ್ಲ. ಆದ್ದರಿಂದಲೇ ಮೇಜಿನ ಮೇಲೆ ಬರಿದಾಗಿ ಇಟ್ಟ ಸಬ್‌ವೂಫರ್ ಎಷ್ಟು ಅದುರಿದರೂ ಗಂಭೀರ ನಾದ ಕೇಳಿಬರುವುದಿಲ್ಲ.

ಇಲ್ಲಿ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಗಳು ಹಲಸಿನ ಮರವನ್ನು ಆರಿಸಿಕೊಳ್ಳುವುದು ಅದು ತಂತಿಯೊಡನೆ ತಾನೂ ಮಿಡಿಯುತ್ತದೆ ಎಂಬ ಕಾರಣಕ್ಕೆ. ಸಬ್‌ವೂಫರ್ ಪೆಟ್ಟಿಗೆಯ ಧರ್ಮ ಇದಕ್ಕೆ ತೀರಾ ವಿರುದ್ಧವಾದುದು. ಅದು ಮಿಡಿಯಬಾರದು, ಹಾಡಬಾರದು, ಅಲುಗಲೂಬಾರದು. ‘ಒಳ್ಳೆಯ ಮರದ ಪೆಟ್ಟಿಗೆಯಾದರೆ ಒಳ್ಳೆಯ ನಾದ’ ಎಂಬ ಮಾತು ವೀಣೆಗೆ ಸಲ್ಲುತ್ತದೆಯೇ ಹೊರತು ಇದಕ್ಕಲ್ಲ.

ಅಲುಗದಂತಿರುವುದು ಸುಲಭವೂ ಅಲ್ಲ. ಹತ್ತು ಇಂಚಿನ ಶಂಕು ಒಂದು ಸೆಂಟಿಮೀಟರಿನಷ್ಟು ಒಳಸರಿದರೆ ಸುಮಾರು ಮೂರನೇ ಒಂದು ಲೀಟರ್ ಗಾಳಿಯನ್ನು ಒತ್ತುತ್ತದೆ. 30 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಆಗ ಹಿಂಬದಿ ಹಲಗೆಯೊಂದರ ಮೇಲೆಯೇ ಹತ್ತಿರಹತ್ತಿರ 20 ಕಿಲೋ ತೂಕದಷ್ಟು ನೂಕುಬಲ ಬೀಳುತ್ತದೆ. ಅದೂ ಸೆಕೆಂಡಿಗೆ ಹತ್ತಾರು ಬಾರಿ. ತೆಳುವಾದ ಹಲಗೆ, ಸಡಿಲ ಸಂದು ಈ ಹೊಡೆತವನ್ನು ತಾಳಲಾರವು.

ಮೊದಲ ಪ್ರಯತ್ನಕ್ಕೆ ಮುಚ್ಚಿದ ಪೆಟ್ಟಿಗೆ

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಂಪೂರ್ಣ ಮುಚ್ಚಿದ್ದು ಒಂದು. ಕೊಳವೆಯ ಮೂಲಕ ಗಾಳಿಯಾಡುವ ಪೋರ್ಟ್ ಪೆಟ್ಟಿಗೆ ಇನ್ನೊಂದು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸುವ ವಿಧಾನವನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಜನಪ್ರಿಯಗೊಳಿಸಿದರು. ಪೋರ್ಟ್ ಪೆಟ್ಟಿಗೆಯ ಲೆಕ್ಕಾಚಾರಕ್ಕೆ ಭದ್ರ ಬುನಾದಿ ಹಾಕಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್ (1961) ಮತ್ತು ಅವರ ಕೆಲಸವನ್ನು 1970ರ ದಶಕದಲ್ಲಿ ಮುಂದುವರಿಸಿದ ರಿಚರ್ಡ್ ಸ್ಮಾಲ್. ಇಂದಿಗೂ ಸ್ಪೀಕರಿನ ಕೈಪಿಡಿಯಲ್ಲಿ ಮುದ್ರಿತವಾಗಿರುವ ಅಳತೆಗಳಿಗೆ ಇವರಿಬ್ಬರದೇ ಹೆಸರು.

ಪೋರ್ಟ್ ಪೆಟ್ಟಿಗೆಯಿಂದ ಅದೇ ಆಂಪ್ಲಿಫೈಯರಿನಲ್ಲಿ ಹೆಚ್ಚು ಸದ್ದು ಬರುವುದು ನಿಜ. ಆದರೆ ಕೊಳವೆಯ ಉದ್ದ, ಅಗಲದಲ್ಲಿ ಸ್ವಲ್ಪ ತಪ್ಪಿದರೂ ಶ್ರುತಿ ಕೆಡುತ್ತದೆ. ಶ್ರುತಿಗಿಂತ ಕೆಳಗಿನ ನಾದ ಬಂದಾಗ ಶಂಕುವಿಗೆ ಗಾಳಿಯ ತಡೆ ಇಲ್ಲದಂತಾಗಿ ಅದು ಮಿತಿಮೀರಿ ಓಲಾಡಿ ಹಾಳಾಗಲೂಬಹುದು. ಮುಚ್ಚಿದ ಪೆಟ್ಟಿಗೆ ಒಂದೆರಡು ಲೀಟರಿನ ವ್ಯತ್ಯಾಸವನ್ನು ಕ್ಷಮಿಸುತ್ತದೆ. ಹೊಸಬರು ಇದರಿಂದಲೇ ಆರಂಭಿಸುವುದು ಲೇಸು.

ಲೆಕ್ಕ ಹೀಗೆ

ಸ್ಪೀಕರ್ ತಯಾರಕರು ಕೈಪಿಡಿಯಲ್ಲಿ ಸೂಚಿಸಿದ ಒಳಗಾತ್ರವನ್ನೇ ಪಾಲಿಸಬೇಕು. ಉದಾಹರಣೆಗೆ ಸೂಚಿತ ಗಾತ್ರ 30 ಲೀಟರ್ ಎಂದಿಟ್ಟುಕೊಳ್ಳೋಣ. ಒಳ ಅಳತೆ 36 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ, 26 ಸೆಂ.ಮೀ. ಆಳವಿದ್ದರೆ ಸುಮಾರು 33.7 ಲೀಟರ್ ಆಗುತ್ತದೆ. ಸ್ಪೀಕರಿನ ಹಿಂಭಾಗ ಮತ್ತು ಒಳ ಆಧಾರಪಟ್ಟಿ ಆಕ್ರಮಿಸುವ ಮೂರು ಲೀಟರಿನಷ್ಟನ್ನು ಕಳೆದರೆ ಬೇಕಾದ ಗಾತ್ರ ಉಳಿಯುತ್ತದೆ.

ಹಲಗೆ 18 ಮಿ.ಮೀ. ದಪ್ಪದ್ದಾದರೆ ಬೇಕಾಗುವ ತುಂಡುಗಳು ಹೀಗಿವೆ: ಮುಂದಿನ ಮತ್ತು ಹಿಂದಿನ ಹಲಗೆ 39.6 × 39.6 ಸೆಂ.ಮೀ., ಎರಡು, ಮೇಲಿನ ಮತ್ತು ಕೆಳಗಿನ ಹಲಗೆ 39.6 × 26 ಸೆಂ.ಮೀ., ಎರಡು, ಪಕ್ಕದ ಹಲಗೆ 36 × 26 ಸೆಂ.ಮೀ., ಎರಡು. ಎಂಟಡಿ-ನಾಲ್ಕಡಿ ಹಾಳೆಯ ಅರ್ಧ ಭಾಗದಲ್ಲಿ ಇಷ್ಟೂ ಬಂದು, ಮುಂಬದಿಗೆ ಇನ್ನೊಂದು ಪದರ ಹಾಗೂ ಆಧಾರಪಟ್ಟಿಗೆ ಬೇಕಾದಷ್ಟು ಮಿಗುತ್ತದೆ. ಸ್ಪೀಕರಿನ ಭಾರವನ್ನು ಹೊರುವ ಮುಂಬದಿಯನ್ನು ಹೊರಗಿನಿಂದ ಎರಡು ಪದರ ಮಾಡುವುದು ಜಾಣತನ. ಇದರಿಂದ ಒಳಗಾತ್ರ ಕಡಿಮೆಯಾಗುವುದಿಲ್ಲ.

ಯಾವ ಹಲಗೆ?

ಎಂಡಿಎಫ್: ಮರದ ನಾರನ್ನು ಅಂಟಿನೊಡನೆ ಒತ್ತಿ ತಯಾರಿಸಿದ ಈ ಹಲಗೆ ಎಲ್ಲೆಡೆ ಒಂದೇ ಸಾಂದ್ರತೆ ಹೊಂದಿರುತ್ತದೆ, ಟೊಳ್ಳು ಇರುವುದಿಲ್ಲ, ಅಂಚು ನಯವಾಗಿ ಕತ್ತರಿಸಲ್ಪಡುತ್ತದೆ. ಮನೆಯೊಳಗಿನ ಪೆಟ್ಟಿಗೆಗೆ 18 ಮಿ.ಮೀ. ಎಂಡಿಎಫ್ ಮೊದಲ ಆಯ್ಕೆ. ಆದರೆ ಭಾರ ಹೆಚ್ಚು. ಪೂರ್ಣ ಹಾಳೆ 40 ಕಿಲೋ ಆಸುಪಾಸು ತೂಗುತ್ತದೆ. ನೀರು ತಗುಲಿದರೆ ಬಿಸ್ಕತ್ತಿನಂತೆ ಉಬ್ಬುತ್ತದೆ. ಭಾರತೀಯ ಮಾನಕ ಐಎಸ್ 12406 ಇದಕ್ಕೆ ಅನ್ವಯಿಸುತ್ತದೆ.

ಪ್ಲೈವುಡ್: ಕಾರು, ಟೆಂಪೊ ಅಥವಾ ಮಳೆಗಾಲದಲ್ಲಿ ತೇವ ಏರುವ ಮನೆಗೆ ಇದು ಸೂಕ್ತ. ಎಂಡಿಎಫ್‌ಗಿಂತ ಹಗುರ, ಅಂಚಿನಲ್ಲೂ ತಿರುಪನ್ನು ಹಿಡಿಯುತ್ತದೆ. ಕೊಳ್ಳುವಾಗ ಐಎಸ್‌ಐ ಮುದ್ರೆಯ ಜೊತೆಗೆ ಐಎಸ್ 303 ಅಥವಾ ಐಎಸ್ 710 ಎಂಬ ಸಂಖ್ಯೆ ಇದೆಯೇ ನೋಡಬೇಕು. ಮೊದಲನೆಯದು ಸಾಮಾನ್ಯ ಬಳಕೆಯದು, ಎರಡನೆಯದು ಮರೈನ್ ದರ್ಜೆಯದು. ಅಗ್ಗದ ಪ್ಲೈವುಡ್ಡಿನ ನಡುಪದರಗಳಲ್ಲಿ ಟೊಳ್ಳುಗಳಿರುತ್ತವೆ. ಅವು ಗಾಳಿ ಸೋರಲು, ಕಿರಗುಡಲು ಕಾರಣ. ಹಾಳೆಯ ನಾಲ್ಕೂ ಅಂಚನ್ನು ಕಣ್ಣಿಟ್ಟು ನೋಡಿ, ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರೆ ಟೊಳ್ಳಿನ ಸದ್ದು ಬೇರೆಯಾಗಿಯೇ ಕೇಳುತ್ತದೆ.

ಪಾರ್ಟಿಕಲ್ ಬೋರ್ಡ್ ಅಗ್ಗ. ಆದರೆ ತಿರುಪು ನಿಲ್ಲುವುದಿಲ್ಲ. ಇದನ್ನು ಬಿಡುವುದೇ ಒಳಿತು.

ಗಟ್ಟಿಮರ: ಪಕ್ಕದಲ್ಲೇ ಚನ್ನಪಟ್ಟಣವಿರುವಾಗ ಮರದ ಕೆಲಸಕ್ಕೆ ಬೇರೆ ಹುಡುಕಬೇಕೇ ಎಂಬ ಪ್ರಶ್ನೆ ಸಹಜ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಚನ್ನಪಟ್ಟಣದ ಗೊಂಬೆಗಳು ಆಲೆ ಮರದಿಂದ ಕಡೆದು, ಅರಗು ಲೇಪಿಸಿದವು. ಅಲ್ಲಿನ ಕುಶಲಕರ್ಮಿಗಳು ಮರವನ್ನು ಚೆನ್ನಾಗಿ ಒಣಗಿಸಿದ ಬಳಿಕವೇ ಕಡೆಯುವುದು, ತೇವ ಉಳಿದ ಮರ ಮುಂದೆ ಸೀಳುತ್ತದೆ ಎಂಬುದನ್ನು ಬಲ್ಲ ಕಾರಣಕ್ಕೆ. ಗಟ್ಟಿಮರ ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಗೊಂಬೆಗೆ ಅಷ್ಟಾಗಿ ತೊಂದರೆಯಾಗದು. ಅಗಲವಾದ ಹಲಗೆಗಳಿಂದ ಕೂಡಿದ, ಗಾಳಿ ಸೋರಬಾರದ ಪೆಟ್ಟಿಗೆಗೆ ಅದೇ ಶತ್ರು. ಪೆಟ್ಟಿಗೆಗೆ ಕಡೆದ ಕಾಲುಗಳು ಬೇಕಿದ್ದರೆ ಮಾತ್ರ ಚನ್ನಪಟ್ಟಣದತ್ತ ನೋಡಬಹುದು.

ಸಲಕರಣೆ: ಬೇಕಾದವು, ಬೇಡವಾದವು

ಹೊಸಬರು ಮೊದಲು ಕೊಳ್ಳಬಯಸುವುದು ಕೊಯ್ಯುವ ಯಂತ್ರವನ್ನು. ವಾಸ್ತವವಾಗಿ ಕೊನೆಯಲ್ಲಿ ಕೊಳ್ಳಬೇಕಾದದ್ದು ಅದು. ಮನೆಯಲ್ಲಿ ಕೈಗರಗಸದಿಂದ ಎಷ್ಟೇ ಎಚ್ಚರದಿಂದ ಕೊಯ್ದರೂ 40 ಸೆಂ.ಮೀ. ಉದ್ದಕ್ಕೆ ಒಂದೆರಡು ಮಿಲಿಮೀಟರ್ ಸೊಟ್ಟಾಗುತ್ತದೆ. ಆ ಸೊಟ್ಟೇ ಸಂದಿನ ಸೋರಿಕೆಯಾಗುತ್ತದೆ. ಮಾಡ್ಯುಲರ್ ಅಡುಗೆಮನೆ ಮಾಡುವ ಕಾರ್ಯಾಗಾರಗಳಲ್ಲಿಯೂ ಅನೇಕ ಪ್ಲೈವುಡ್ ಮಳಿಗೆಗಳಲ್ಲಿಯೂ ದೊಡ್ಡ ಪ್ಯಾನೆಲ್ ಗರಗಸಗಳಿರುತ್ತವೆ. ಅಳತೆಯ ಪಟ್ಟಿ ಬರೆದುಕೊಂಡು ಹೋಗಿ ಅಲ್ಲಿಯೇ ಕೊಯ್ಸಿಕೊಂಡರೆ ತುಂಡುಗಳೂ ನೇರವಾಗಿರುತ್ತವೆ, ಯಂತ್ರದ ಹಣವೂ ಉಳಿಯುತ್ತದೆ.

ಅಂಗಡಿಯ ಕೊಯ್ತ ಮುಗಿದ ಮೇಲೆ ಮನೆಯಲ್ಲಿ ಬೇಕಾಗುವುದು ಇಷ್ಟೇ: ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಸಾಧಾರಣ ಕೈಡ್ರಿಲ್, ಸ್ಪೀಕರಿನ ವೃತ್ತಾಕಾರದ ರಂಧ್ರ ಕೊಯ್ಯಲು ಜಿಗ್‌ಸಾ, ಕನಿಷ್ಠ ನಾಲ್ಕು ಕ್ಲಾಂಪ್, ಉಜ್ಜುಕಾಗದ, ಕನ್ನಡಕ ಮತ್ತು ಮುಖಗವಸು. ಜಿಗ್‌ಸಾವನ್ನು ಒಂದು ದಿನಕ್ಕೆ ಬಡಗಿಯಿಂದ ಎರವಲು ಪಡೆದರೂ ನಡೆದೀತು. ಉಳಿದ ಹಣದಲ್ಲಿ ಇನ್ನೆರಡು ಕ್ಲಾಂಪ್ ಕೊಳ್ಳುವುದು ಉತ್ತಮ.

ಒಂದು ಎಚ್ಚರಿಕೆ ಅತ್ಯಗತ್ಯ. ಕಲ್ಲು, ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರಿಗೆ ಹಲ್ಲುಳ್ಳ ಮರದ ಬ್ಲೇಡ್ ಸಿಕ್ಕಿಸಿ ಹಲಗೆ ಕೊಯ್ಯುವ ಅಭ್ಯಾಸ ಹಲವೆಡೆ ಕಂಡುಬರುತ್ತದೆ. ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುವ ಈ ಯಂತ್ರ ಮರದಲ್ಲಿ ಸಿಲುಕಿದೊಡನೆ ಕೈಯಿಂದ ಚಿಮ್ಮುತ್ತದೆ. ಬೆರಳು, ಮುಖ, ತೊಡೆಗೆ ಆಳವಾದ ಗಾಯವಾಗಲು ಅರೆಕ್ಷಣ ಸಾಕು. ಪೆಟ್ಟಿಗೆ ಕೆಟ್ಟರೆ ಇನ್ನೊಂದು ಹಲಗೆ ತರಬಹುದು. ಹೋದ ಬೆರಳು ಮರಳದು.

ಅಂಟು, ತಿರುಪು ಮತ್ತು ಸಂದು

ಪೆಟ್ಟಿಗೆಯನ್ನು ಹಿಡಿದಿಡುವುದು ಅಂಟೇ ಹೊರತು ತಿರುಪಲ್ಲ. ಮನೆಮಾತಾಗಿರುವ ಬಿಳಿ ಫೆವಿಕಾಲ್ ಮಾದರಿಯ ಅಂಟು ಸಾಕು. ಎರಡೂ ಅಂಚಿಗೆ ಹಚ್ಚಿ, ಕ್ಲಾಂಪಿನಿಂದ ಬಿಗಿದು, ಒಂದಿಡೀ ದಿನ ಬಿಡಬೇಕು. ಬಿಗಿದಾಗ ಸಂದಿನುದ್ದಕ್ಕೂ ಅಂಟಿನ ಮಣಿಗಳು ಹೊರಬಂದರೆ ಕೆಲಸ ಸರಿಯಾಗಿದೆ ಎಂದರ್ಥ. ತಿರುಪು ಹಾಕುವುದಾದರೆ ಮೊದಲು ಸಣ್ಣ ರಂಧ್ರ ಕೊರೆಯಲೇಬೇಕು. ಇಲ್ಲವಾದರೆ ಎಂಡಿಎಫ್‌ನ ಅಂಚು ಸೀಳುತ್ತದೆ. ಮೂಲೆಯಿಂದ ಎರಡಿಂಚು ದೂರ ಬಿಡುವುದು ಕ್ಷೇಮ.

ಒಳಮೂಲೆಗಳಿಗೆ ಇನ್ನೊಂದು ಸುತ್ತು ಅಂಟು ಬಳಿದು ಸಂದುಗಳನ್ನು ಮುಚ್ಚಬೇಕು. ಸಿಲಿಕೋನ್ ಬಳಸುವವರು ವಿನಿಗರ್ ವಾಸನೆ ಪೂರ್ತಿ ಹೋಗುವವರೆಗೆ ಸ್ಪೀಕರ್ ಕೂರಿಸಬಾರದು. ಆ ಆಮ್ಲದ ಆವಿ ಸ್ಪೀಕರಿನ ಭಾಗಗಳಿಗೆ ಹಾನಿ ಮಾಡಬಲ್ಲದು. ಸ್ಪೀಕರಿನ ಚೌಕಟ್ಟು ಮತ್ತು ಹಲಗೆಯ ನಡುವೆ ತೆಳುವಾದ ಫೋಮ್ ಪಟ್ಟಿ ಇರಲಿ.

ಧೂಳನ್ನು ಕಡೆಗಣಿಸದಿರಿ

ಎಂಡಿಎಫ್ ಕೊಯ್ದಾಗ, ಉಜ್ಜಿದಾಗ ಏಳುವ ಧೂಳು ಹಿಟ್ಟಿನಷ್ಟು ನುಣುಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇಂತಹ ಹಲಗೆಗಳ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಸಹ ಅದೇ ಪಟ್ಟಿಯಲ್ಲಿದೆ. ಹೊರಸೂಸುವಿಕೆ ಕಡಿಮೆಯಿರುವ ಇ1 ದರ್ಜೆಯ ಹಲಗೆಯನ್ನೇ ಕೇಳಿ ಪಡೆಯಬೇಕು. ಮುಖಕ್ಕೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯದು. ಎನ್95 ಮುಖಗವಸು ಬೇಕು. ಕೆಲಸ ಅಂಗಳದಲ್ಲಿ ನಡೆಯಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಬೇಡ. ಅಂಗಡಿಯಲ್ಲಿಯೇ ಕೊಯ್ಸುವುದರ ಇನ್ನೊಂದು ಲಾಭವೂ ಇದೇ.

ಕೊನೆಯ ಪರೀಕ್ಷೆ

ಸ್ಪೀಕರ್ ಕೂರಿಸಿದ ಬಳಿಕ ಎರಡೂ ಅಂಗೈಗಳಿಂದ ಶಂಕುವನ್ನು ಮೆಲ್ಲಗೆ, ಸಮವಾಗಿ ಒತ್ತಿ ಬಿಡಬೇಕು. ಅದು ನಿಧಾನವಾಗಿ ಮೊದಲ ಸ್ಥಾನಕ್ಕೆ ಮರಳಿದರೆ ಪೆಟ್ಟಿಗೆ ಬಿಗಿಯಾಗಿದೆ; ಥಟ್ಟನೆ ಪುಟಿದರೆ ಎಲ್ಲಿಯೋ ಗಾಳಿ ಸೋರುತ್ತಿದೆ. ಸೋರುವ ಸ್ಥಳ ಪತ್ತೆಗೆ ಊದುಬತ್ತಿಯೊಂದು ಸಾಕು. ಮಂದ್ರ ನಾದವನ್ನು ಸಣ್ಣ ದನಿಯಲ್ಲಿ ನುಡಿಸುತ್ತಾ ಸಂದುಗಳ ಬಳಿ ಹೊಗೆ ಹಿಡಿದರೆ, ಸೋರುವಲ್ಲಿ ಹೊಗೆಯ ಎಳೆ ನಡುಗುತ್ತದೆ.

ನೆರೆಹೊರೆಯವರನ್ನೂ ಮರೆಯಬಾರದು. ಮಂದ್ರ ನಾದ ಗೋಡೆಗಳನ್ನು ಸುಲಭವಾಗಿ ದಾಟುತ್ತದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಬಿಗಿಯಾಗಿ ಕಟ್ಟಿದ ಪೆಟ್ಟಿಗೆಯ ಗುಣವೆಂದರೆ ಸಣ್ಣ ದನಿಯಲ್ಲಿಯೂ ಮೃದಂಗದ ಎಡಭಾಗದ ಗುಂಕಾರ ಸ್ಪಷ್ಟವಾಗಿ ಕೇಳುತ್ತದೆ. ಸದ್ದು ಏರಿಸಿದಾಗ ಮಾತ್ರ ‘ಬಾಸ್’ ಬರುತ್ತದೆ ಎಂದಾದರೆ ಆಂಪ್ಲಿಫೈಯರ್ ಬದಲಿಸುವ ಮುನ್ನ ಪೆಟ್ಟಿಗೆಯ ಸಂದುಗಳನ್ನು ಮತ್ತೊಮ್ಮೆ ಪರೀಕ್ಷಿಸುವುದು ಒಳಿತು.