ಹ್ಯಾಷ್‌ಟ್ಯಾಗ್‌ನಿಂದ ಕರಾರಿನವರೆಗೆ: ದಿಂಡಿಗಲ್ ಕಾರ್ಮಿಕೆಯರ ಹೋರಾಟ

ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧದ ಚಳವಳಿಗಳು ಸಾಮಾಜಿಕ ಜಾಲತಾಣವನ್ನು ಮುಖ್ಯವಾಗಿ ಮೂರು ಕೆಲಸಗಳಿಗೆ ಬಳಸುತ್ತವೆ: ನಡೆದದ್ದನ್ನು ಹೊರಜಗತ್ತಿಗೆ ತಿಳಿಸುವುದು, ಚದುರಿದ ಬೆಂಬಲವನ್ನು ಒಗ್ಗೂಡಿಸುವುದು, ಹೊಣೆ ಹೊರಬೇಕಾದವರನ್ನು ಉತ್ತರ ಕೇಳುವುದು. ಮೊದಲೆರಡು ಬೇಗ ಕೈಗೂಡುತ್ತವೆ. ಮೂರನೆಯದು ಹೇಗೆ ಕೈಗೂಡಬಹುದು ಎಂಬುದಕ್ಕೆ ತಮಿಳುನಾಡಿನ ದಿಂಡಿಗಲ್ ಒಳ್ಳೆಯ ಉದಾಹರಣೆ.

ದಿಂಡಿಗಲ್ ಜಿಲ್ಲೆ ನೂಲಿನ ಗಿರಣಿ, ಸಿದ್ಧ ಉಡುಪುಗಳ ಸೀಮೆ. 2021ರ ಜನವರಿಯಲ್ಲಿ ಇಲ್ಲಿನ ನಾಚಿ ಅಪೆರಲ್ ಕಾರ್ಖಾನೆಯ ದಲಿತ ಕಾರ್ಮಿಕೆಯೊಬ್ಬಳ ಕೊಲೆಯಾಯಿತು. ಮೇಲ್ವಿಚಾರಕನೇ ಆರೋಪಿ. ಆಕೆಗೆ ತಿಂಗಳುಗಟ್ಟಲೆ ಕಿರುಕುಳ ನಡೆದಿತ್ತು ಎಂದು ಕುಟುಂಬ ಮತ್ತು ಆಕೆಯ ಕಾರ್ಮಿಕ ಸಂಘ ದೂರಿದವು. ಆಕೆ ಸದಸ್ಯೆಯಾಗಿದ್ದ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘವನ್ನು ದಲಿತ ಮಹಿಳೆಯರೇ ಮುನ್ನಡೆಸುತ್ತಾರೆ. ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಗ್ಲೋಬಲ್ ಲೇಬರ್ ಜಸ್ಟೀಸ್ ಸಂಸ್ಥೆಗಳು ಅದರ ಜೊತೆಗೂಡಿದವು. ನ್ಯಾಯ ಕೇಳುವ ಹ್ಯಾಷ್‌ಟ್ಯಾಗ್ ಆಕೆಯ ಹೆಸರಿನಲ್ಲೇ ಹುಟ್ಟಿತು.

ಆ ಹ್ಯಾಷ್‌ಟ್ಯಾಗ್‌ನ ಸಂದೇಶಗಳು ಪೊಲೀಸರಿಗೂ ಕಾರ್ಖಾನೆಯ ಮಾಲೀಕರಿಗೂ ಸೀಮಿತವಾಗಲಿಲ್ಲ. ಕಾರ್ಖಾನೆಯಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂನಂಥ ಬ್ರ್ಯಾಂಡುಗಳನ್ನೂ ಹೆಸರಿಟ್ಟು ಕೇಳಿದವು. ಕಾರ್ಖಾನೆಯ ಹೆಸರು ವಿದೇಶದ ಗ್ರಾಹಕರಿಗೆ ಅಪರಿಚಿತ, ಬ್ರ್ಯಾಂಡಿನ ಹೆಸರು ಮನೆಮಾತು. ಆದ್ದರಿಂದ ಒತ್ತಡ ಬಿದ್ದದ್ದು ಬ್ರ್ಯಾಂಡುಗಳ ಮೇಲೆ. 2009ರಲ್ಲಿ ಮಂಗಳೂರಿನ ಪಬ್ ದಾಳಿಯ ನಂತರ ನಡೆದ ಪಿಂಕ್ ಚಡ್ಡಿ ಅಭಿಯಾನವೂ ಫೇಸ್‌ಬುಕ್‌ನಲ್ಲಿ ಬೆಳೆದು, ದಾಳಿಯ ಆರೋಪ ಹೊತ್ತ ಶ್ರೀರಾಮ ಸೇನೆಯ ವಿಳಾಸಕ್ಕೆ ಗುಲಾಬಿ ಚಡ್ಡಿಗಳನ್ನು ಅಂಚೆಯಲ್ಲಿ ಕಳುಹಿಸಿತ್ತು. ಅದು ಅಣಕದ ಪ್ರತಿಭಟನೆ. ದಿಂಡಿಗಲ್‌ನಲ್ಲಿ ಕೇಳಿದ್ದು ಜಾರಿಗೊಳಿಸಬಹುದಾದ ಕರಾರು.

2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದಕ್ಕೆ ಸಹಿ ಬಿತ್ತು. ಕಾರ್ಖಾನೆಯ ಒಡೆತನದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಜೊತೆಗೆ ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳೂ ಅದರ ಭಾಗವಾದವು. ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಅದರ ವ್ಯಾಪ್ತಿಗೆ ಬಂದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಒಪ್ಪಂದದ ಪ್ರಕಾರ, ಸಂಘದಿಂದ ತರಬೇತಿ ಪಡೆದ ಕಾರ್ಮಿಕೆಯರು ಹೊಲಿಗೆ ಸಾಲುಗಳಲ್ಲೇ ಕಿರುಕುಳದ ಮೇಲೆ ಕಣ್ಣಿಡುತ್ತಿದ್ದರು. ದೂರು ಕೊಟ್ಟವರ ಮೇಲೆ ಸೇಡು ತೀರಿಸುವಂತಿರಲಿಲ್ಲ, ಜಾತಿಯ ಕಾರಣಕ್ಕೆ ತಾರತಮ್ಯ ಮಾಡುವಂತಿರಲಿಲ್ಲ. ಮಾಲೀಕರು ಷರತ್ತು ಮುರಿದರೆ ಬ್ರ್ಯಾಂಡುಗಳು ವ್ಯಾಪಾರದ ಮೂಲಕ ಬಿಸಿ ಮುಟ್ಟಿಸಬೇಕಿತ್ತು. 2019ರಲ್ಲಿ ಆಫ್ರಿಕಾದ ಲೆಸೊಥೊದಲ್ಲಿ ಜೀನ್ಸ್ ಕಾರ್ಖಾನೆಗಳ ಕಾರ್ಮಿಕೆಯರಿಗಾಗಿ ಇಂಥದೇ ಒಪ್ಪಂದವಾಗಿತ್ತು. ಏಷ್ಯಾದ ಉಡುಪು ಉದ್ಯಮದಲ್ಲಿ ಇಂಥ ಒಪ್ಪಂದ ದಿಂಡಿಗಲ್‌ನದೇ ಮೊದಲನೆಯದು.

ಜಾಲತಾಣಕ್ಕೆ ಮಿತಿಗಳೂ ಉಂಟು. ತಮಿಳುನಾಡಿನ ಹಲವು ಗಿರಣಿ ಹಾಸ್ಟೆಲುಗಳಲ್ಲಿ ಯುವತಿಯರ ಮೊಬೈಲ್ ಬಳಕೆಗೆ ನಿರ್ಬಂಧ ಇದ್ದದ್ದನ್ನು ಅಧ್ಯಯನಗಳು ದಾಖಲಿಸಿವೆ. ಅಂಥ ಕಡೆ ಒಳಗಿನ ಸುದ್ದಿ ಹೊರಬರುವುದು ಹಳ್ಳಿಯ ಸಭೆ, ಮನೆ ಭೇಟಿ, ಸಂಘದ ಕಾರ್ಯಕರ್ತೆಯರ ಮೂಲಕ, ಪೋಸ್ಟ್ ಆಮೇಲಿನದು. ಸಂತ್ರಸ್ತೆಯ ಹೆಸರಿನ ಪ್ರಶ್ನೆಯೂ ಇದೆ. ಹೆಸರು ಹೇಳಿದಾಗ ಜನರ ಮನಸ್ಸು ತಟ್ಟುತ್ತದೆ. ಆದರೆ ಅತ್ಯಾಚಾರ ಪ್ರಕರಣಗಳಲ್ಲಿ ಗುರುತು ಬಹಿರಂಗಪಡಿಸುವುದು ಭಾರತದಲ್ಲಿ ಅಪರಾಧ. ಸಂತ್ರಸ್ತೆ ತೀರಿಕೊಂಡಿದ್ದರೂ ಈ ರಕ್ಷಣೆ ಇರುತ್ತದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಜಾಲತಾಣದ ಕೂಗು ವಾರಗಳಲ್ಲಿ ತಣ್ಣಗಾಗಬಹುದು. ಕೊಲೆಗೂ ಸಹಿಗೂ ನಡುವೆ ಹದಿನೈದು ತಿಂಗಳು ಕಳೆದಿದ್ದವು. ಅಷ್ಟು ಕಾಲ ಬೇಡಿಕೆಯನ್ನು ಜೀವಂತ ಇಟ್ಟದ್ದು ಸಂಘಟನೆ, ಅದರ ದನಿಯನ್ನು ದೂರಕ್ಕೆ ಮುಟ್ಟಿಸಿದ್ದು ಜಾಲತಾಣ. ಒಪ್ಪಂದ ಅನ್ವಯಿಸಿದ್ದು ಈಸ್ಟ್‌ಮನ್ ಘಟಕಗಳಿಗೆ ಮಾತ್ರ. ಸುತ್ತಲಿನ ಉಳಿದ ಗಿರಣಿಗಳ ಕಾರ್ಮಿಕೆಯರು ಅದರ ಹೊರಗೇ ಉಳಿದರು.