ನೀರಿನ ಮಿತವ್ಯಯವೂ ರೈತನ ಮನಸ್ಸೂ

ನೀರನ್ನು ಮಿತವಾಗಿ ಬಳಸಬೇಕೆಂದು ರೈತನಿಗೆ ಬೋಧಿಸುವವರು ಅನೇಕರಿರುವರು. ಆತನು ಹಾಗೆ ಬಳಸದಿರುವುದಕ್ಕೆ ಕಾರಣವೇನೆಂದು ವಿಚಾರಿಸುವವರು ವಿರಳ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ಬಲದಂಡೆಯ ಕಾಲುವೆಯು ಭದ್ರಾವತಿ, ಚನ್ನಗಿರಿಗಳ ಸೀಮೆಯನ್ನು ಹಾದು ದಾವಣಗೆರೆ ಹರಿಹರಗಳ ಬಯಲಿಗೆ ಬರುತ್ತದೆ. ಕರೂರಿನ ಕೈಗಾರಿಕಾ ಪ್ರದೇಶವನ್ನು ಕಂಡವರಿಗೆ ದಾವಣಗೆರೆಯು ಯಂತ್ರಗಳ ಊರೆಂದು ತೋರಿದರೂ, ಸುತ್ತಣ ಅನೇಕ ಗ್ರಾಮಗಳ ಜೀವನವು ಈ ಕಾಲುವೆಯನ್ನೇ ನಂಬಿಕೊಂಡಿದೆ.

ವಿಚಾರಮಾಡಲಾಗಿ ನಮಗೆ ಮುಖ್ಯವಾಗಿ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು ಭಯ. ಇಂದು ಹರಿಯುವ ನೀರು ಮುಂದಿನ ವಾರ ಬಂದೀತೋ ಇಲ್ಲವೋ ಎಂದು ಸಂದೇಹಪಡುವವನು ಅಗತ್ಯಕ್ಕಿಂತ ಹೆಚ್ಚಾಗಿಯೇ ಗದ್ದೆಯನ್ನು ತುಂಬಿಕೊಳ್ಳುವನು. ೨೦೨೩ರ ಬರದಲ್ಲಿ ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಏರ್ಪಾಡಾದಾಗ, ಕೊನೆಯ ಭಾಗದವರಾದ ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು. ನೀರು ತಮ್ಮ ತೂಬನ್ನು ಮುಟ್ಟುವ ಮೊದಲೇ ಸರದಿ ಮುಗಿದುಹೋಗುವುದೆಂಬ ಅಂಜಿಕೆ ನಿಷ್ಕಾರಣವಾದುದಲ್ಲ.

ಎರಡನೆಯದು ಲಾಭವಿಲ್ಲದಿರುವುದು. ನೀರಿನ ಕರವನ್ನು ಬೆಳೆ ಮತ್ತು ವಿಸ್ತೀರ್ಣಗಳ ಮೇಲೆ ಕಟ್ಟುವುದೇ ಹೊರತು ಬಳಸಿದ ನೀರಿನ ಅಳತೆಯ ಮೇಲಲ್ಲ. ಉಳಿಸಿದವನಿಗೂ ಚೆಲ್ಲಿದವನಿಗೂ ಒಂದೇ ದರ. ಮೂರನೆಯದು ನೆರೆಹೊರೆಯ ಕಣ್ಣು. ತುಂಬಿನಿಂತ ಗದ್ದೆಯೇ ಒಳ್ಳೆಯ ಬೇಸಾಯದ ಗುರುತೆಂದು ಊರು ಭಾವಿಸಿರುವಾಗ, ಒಬ್ಬನೇ ಗದ್ದೆಯನ್ನು ಒಣಗಬಿಟ್ಟರೆ ಅವನನ್ನು ಸೋಮಾರಿಯೆನ್ನುವರು. ಅರೆನೀರಾವರಿಗೆಂದು ಗೊತ್ತುಮಾಡಿದ ಹೊಲಗಳಿಗೂ ಭತ್ತವು ಹಬ್ಬಿದುದರಲ್ಲಿ ಬೆಲೆಯಂತೆ ಈ ಅಭಿಮಾನವೂ ಸೇರಿದೆ.

ಭತ್ತಕ್ಕೆ ಸದಾ ನಿಂತ ನೀರು ಬೇಕಿಲ್ಲವೆಂಬುದಾದರೋ ಪ್ರಯೋಗಸಿದ್ಧವಾದ ಮಾತು. ಬೇರೂರಿದ ಬಳಿಕ ನೀರಿನ ಮಟ್ಟವು ಮಣ್ಣಿನಿಂದ ೧೫ ಸೆಂಟಿಮೀಟರು ಕೆಳಗಿಳಿಯುವವರೆಗೆ ಬಿಟ್ಟು ಮತ್ತೆ ಹಾಯಿಸಬಹುದು. ಹೂಬಿಡುವ ಕಾಲದಲ್ಲಿ ಮಾತ್ರ ತೇವ ತಪ್ಪಬಾರದು. ಸದಾ ನೀರು ನಿಂತ ನೆಲವು ಬಸಿಯದಿದ್ದರೆ ಕ್ರಮೇಣ ಜೌಗಾಗಿ ಸವಳೇರುವುದು.

ಆದರೆ ಈ ಜ್ಞಾನವೊಂದೇ ಸಾಲದು, ನಂಬಿಕೆಯೂ ಬೇಕು. ನಮ್ಮ ಹಳೆಯ ಕೆರೆಗಳಲ್ಲಿ ನೀರಗಂಟಿಯು ತೂಬನ್ನು ಎತ್ತಿ ಪ್ರತಿಯೊಬ್ಬರ ಗದ್ದೆಗೂ ಸರದಿಯಂತೆ ನೀರನ್ನು ಹಾಯಿಸುತ್ತಿದ್ದನು. ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ರೈತರೇ ಆರಿಸಿದ ನ್ಯಾಯಗಾರರು ಗುರುವಾರಗಳಂದು ದೇವಾಲಯದ ಬಾಗಿಲಲ್ಲಿ ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ತೀರಿಸುವರು. ನೆರೆಯವನೂ ನಿಯಮಕ್ಕೆ ತಲೆಬಾಗುವನೆಂದು ಕಣ್ಣಾರೆ ಕಂಡವನು ತಾನೂ ಬಾಗುವನು.

ನಮ್ಮಲ್ಲಿ ೨೦೦೦ದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಆಧಾರ ದೊರೆತಿದೆ. ಜಮೀನುಳ್ಳ ಗೃಹಸ್ಥರು ಕಾಲುವೆಗೆ ನೀರು ಬಿಡುವ ಮೊದಲೇ ಸಂಘದ ಸಭೆಗೆ ಹೋಗಲಿ; ಸರದಿಯ ಪಟ್ಟಿಯನ್ನು ಊರಿನ ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸಲಿ; ಕೊನೆಯ ಗದ್ದೆಯವನನ್ನೂ ತಪ್ಪದೆ ಸಭೆಗೆ ಕರೆದೊಯ್ಯಲಿ.